ಹೆಜ್ಜೆಗಳ ಲೆಕ್ಕ: ಗೃಹವಿಜ್ಞಾನವು ಹುಟ್ಟಿ ಬಂದ ಬಗೆ

“ಅಡಿಗೆ ಮಾಡುವುದನ್ನೂ ಮನೆ ಗುಡಿಸುವುದನ್ನೂ ಕಲಿಯಲು ಕಾಲೇಜೇಕೆ? ತಾಯಿಯ ಬೆನ್ನಿಗೆ ನಿಂತು ಕಲಿತರೆ ಸಾಲದೆ?” ಗೃಹವಿಜ್ಞಾನದ ಮಾತು ಬಂದಾಗಲೆಲ್ಲ ನಮ್ಮ ಮನೆಗಳ ಹಿರಿಯರು ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಪ್ರಶ್ನೆ ಅಸಂಗತವೇನೂ ಅಲ್ಲ. ರೊಟ್ಟಿ ಬಡಿಯುವುದು, ಬಾಣಂತಿಯ ಆರೈಕೆ, ಕಾಳುಕಡಿಗಳನ್ನು ಹುಳು ಹತ್ತದಂತೆ ವರ್ಷವಿಡೀ ಕಾಪಿಡುವುದು, ಇವಾವುದನ್ನೂ ನಮ್ಮ ಅಜ್ಜಿಯರು ಪುಸ್ತಕ ನೋಡಿ ಕಲಿತವರಲ್ಲ. ಆದರೂ ಈ ಶಾಸ್ತ್ರವನ್ನು ಮೊದಲಿಗೆ ಕಟ್ಟಿದವರು ಯಾರು, ಅವರು ಯಾವ ಸಂಕಟದಲ್ಲಿ ಅದನ್ನು ಕಟ್ಟಿದರು ಎಂಬುದನ್ನು ತಿಳಿದರೆ, ಆ ಪ್ರಶ್ನೆಗೆ ಬೇರೊಂದು ಅರ್ಥವೇ ಬರುತ್ತದೆ. ಅದಕ್ಕಾಗಿ ನಾವು ನೂರು ವರ್ಷಗಳಿಗೂ ಹಿಂದಿನ ಅಮೆರಿಕೆಗೆ ಹೋಗಬೇಕು.

ಎಲೆನ್ ಸ್ವಾಲೋ 1842ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದ ಹಳ್ಳಿಯೊಂದರಲ್ಲಿ ಹುಟ್ಟಿದ ಹೆಣ್ಣುಮಗಳು. ವಾಸರ್ ಕಾಲೇಜಿನಲ್ಲಿ ಪದವಿ ಪಡೆದ ಮೇಲೆ ರಸಾಯನಶಾಸ್ತ್ರವನ್ನು ಮುಂದುವರಿಸಬೇಕೆಂಬ ಹಂಬಲದಿಂದ ಬಾಸ್ಟನ್ನಿನ ಎಂ.ಐ.ಟಿ. ಸಂಸ್ಥೆಗೆ ಅರ್ಜಿ ಹಾಕಿದಳು. ಆವರೆಗೆ ಅಲ್ಲಿ ಒಬ್ಬ ಸ್ತ್ರೀಯೂ ಓದಿರಲಿಲ್ಲ. 1870ರ ಕೊನೆಗೆ ಆಕೆಯನ್ನು ಸೇರಿಸಿಕೊಂಡರು, ಅದೂ ಶುಲ್ಕವಿಲ್ಲದೆ. ತನ್ನ ಬಡತನವನ್ನು ಕಂಡು ಕರುಣೆ ತೋರಿದರೆಂದೇ ಆಕೆ ಭಾವಿಸಿದ್ದಳು. ನಿಜ ಸಂಗತಿ ಆಮೇಲೆ ತಿಳಿಯಿತು. ಯಾರಾದರೂ ಆಕ್ಷೇಪಿಸಿದರೆ, ಈಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲವೆಂದು ಹೇಳಿ ಕೈತೊಳೆದುಕೊಳ್ಳಲು ಅನುಕೂಲವಾಗಲೆಂದು ಶುಲ್ಕ ತೆಗೆದುಕೊಂಡಿರಲಿಲ್ಲ! 1873ರಲ್ಲಿ ಪದವಿ ಪಡೆದು, ಮುಂದೆ ಗಣಿವಿಜ್ಞಾನದ ಪ್ರಾಧ್ಯಾಪಕ ರಾಬರ್ಟ್ ರಿಚರ್ಡ್ಸ್‌ರನ್ನು ವಿವಾಹವಾದ ಈ ಮಹಿಳೆ 1884ರಿಂದ 1911ರಲ್ಲಿ ತೀರಿಕೊಳ್ಳುವವರೆಗೂ ಅದೇ ಸಂಸ್ಥೆಯಲ್ಲಿ ನೈರ್ಮಲ್ಯ ರಸಾಯನದ ಬೋಧಕಿಯಾಗಿದ್ದರು. ಪ್ರಾಧ್ಯಾಪಕಿಯ ಪದವಿ ಮಾತ್ರ ಅವರಿಗೆ ಒಲಿಯಲಿಲ್ಲ.

ಆ ತಾಯಿಯ ವಿದ್ವತ್ತು ಸಾಮಾನ್ಯವಾದುದಲ್ಲ. 1887ರಿಂದ ಎರಡು ವರ್ಷ ಮ್ಯಾಸಚೂಸೆಟ್ಸಿನ ಕೆರೆ, ಹೊಳೆ, ಬಾವಿಗಳಿಂದ ಸಾವಿರಾರು ನೀರಿನ ಮಾದರಿಗಳನ್ನು ತರಿಸಿ ಪರೀಕ್ಷಿಸಿದರು. ಯಾವ ಊರಿನ ನೀರಿಗೆ ಚರಂಡಿಯ ಹೊಲಸು ಸೇರಿದೆಯೆಂಬುದನ್ನು ತೋರಿಸುವ ನಕ್ಷೆ ಆ ಶ್ರಮದಿಂದ ಸಿದ್ಧವಾಯಿತು. ಅಂಗಡಿಯ ದಿನಸಿಗಳನ್ನು ಪರೀಕ್ಷಿಸಿ, ದಾಲ್ಚಿನ್ನಿ ಪುಡಿಯಲ್ಲಿ ಮರದ ಹೊಟ್ಟು ಬೆರೆತಿರುವುದನ್ನು ಬಯಲಿಗೆಳೆದರು. ಹೊರಗಿನ ರಸಾಯನಶಾಸ್ತ್ರದಲ್ಲಿ ಹೆಣ್ಣಿಗೆ ಸ್ಥಳವಿಲ್ಲದಿದ್ದರೆ ಒಲೆ, ನೀರು, ಗಾಳಿ, ಹಾಲು ಇವುಗಳಲ್ಲಿಯೇ ರಸಾಯನಶಾಸ್ತ್ರವಿದೆಯೆಂಬುದು ಅವರ ದೃಢವಾದ ನಂಬಿಕೆ. ಅಡಿಗೆ ಮತ್ತು ಶುಚಿತ್ವದ ರಸಾಯನವನ್ನು ಕುರಿತ ಅವರ ಪುಸ್ತಕ 1882ರಲ್ಲಿಯೇ ಹೊರಬಂದಿತು.

ಅವರ ಒಂದು ಸೋಲನ್ನೂ ಇಲ್ಲಿ ಹೇಳಬೇಕು. 1890ರಲ್ಲಿ ಬಾಸ್ಟನ್ ನಗರದ ಬಡವರಿಗಾಗಿ ಒಂದು ಪಾಕಶಾಲೆಯನ್ನು ತೆರೆದರು. ಕಡಿಮೆ ಬೆಲೆ, ಅಳೆದು ತೂಗಿದ ಪೌಷ್ಟಿಕತೆ, ಪ್ರತಿದಿನವೂ ಒಂದೇ ರುಚಿ. ಶಾಸ್ತ್ರದ ದೃಷ್ಟಿಯಿಂದ ಯಾವ ಕೊರತೆಯೂ ಇರಲಿಲ್ಲ. ಆದರೆ ಯುರೋಪಿನ ಬೇರೆಬೇರೆ ನಾಡುಗಳಿಂದ ವಲಸೆ ಬಂದಿದ್ದ ಕುಟುಂಬಗಳಿಗೆ ಆ ಸಾರು ರುಚಿಸಲಿಲ್ಲ. ನನಗೆ ಹಿತವಾದುದು ಬೇಡ, ನನಗೆ ಬೇಕಾದುದನ್ನೇ ನಾನು ತಿನ್ನುತ್ತೇನೆ ಎಂಬರ್ಥದಲ್ಲಿ ಒಬ್ಬ ಹೆಂಗಸು ಹೇಳಿದ ಮಾತು ಬಹುಕಾಲ ನೆನಪಿನಲ್ಲಿ ಉಳಿಯಿತು. ಜೋಳದ ರೊಟ್ಟಿ ತಿಂದು ಬೆಳೆದವನ ಮುಂದೆ ಗಂಜಿಯ ಬಟ್ಟಲಿಟ್ಟು ಗುಣಗಾನ ಮಾಡಿದರೆ ಅವನಾದರೂ ಬೇರೇನು ಹೇಳಿಯಾನು?

1899ರಲ್ಲಿ ನ್ಯೂಯಾರ್ಕ್ ಪ್ರಾಂತದ ಲೇಕ್ ಪ್ಲಾಸಿಡ್ ಎಂಬಲ್ಲಿ ರಿಚರ್ಡ್ಸ್‌ರ ಮುಂದಾಳುತನದಲ್ಲಿ ಹನ್ನೊಂದು ಜನ ಸೇರಿದರು. ಕರೆದು ಆತಿಥ್ಯ ನೀಡಿದವರು ಗ್ರಂಥಾಲಯಗಳ ದಶಮಾಂಶ ವರ್ಗೀಕರಣದಿಂದ ಪ್ರಸಿದ್ಧರಾದ ಮೆಲ್ವಿಲ್ ಡ್ಯೂಯಿ ದಂಪತಿಗಳು. ‘ಹೋಮ್ ಎಕನಾಮಿಕ್ಸ್’ ಎಂಬ ಹೆಸರನ್ನು ಆ ಸಭೆಯಲ್ಲಿ ಒಪ್ಪಲಾಯಿತು. ಅಡಿಗೆ, ಹೊಲಿಗೆ ಎಂದು ಕರೆದಿದ್ದರೆ ವಿಶ್ವವಿದ್ಯಾಲಯಗಳು ತಿರುಗಿ ನೋಡುತ್ತಿರಲಿಲ್ಲವೆಂಬುದು ಅವರಿಗೆ ತಿಳಿದಿತ್ತು. ವರ್ಷವರ್ಷವೂ ನಡೆದ ಇಂಥ ಸಭೆಗಳ ಫಲವಾಗಿ 1909ರಲ್ಲಿ ರಾಷ್ಟ್ರಮಟ್ಟದ ಸಂಘವು ನೆಲೆಗೊಂಡಿತು. ರಿಚರ್ಡ್ಸ್ ಅದರ ಮೊದಲ ಅಧ್ಯಕ್ಷೆಯಾದರು.

ಇಷ್ಟಾದರೂ ಇದು ಪಟ್ಟಣದ ಪಂಡಿತರ ಮಾತೇ ಆಗಿತ್ತು. ಹೊಲಮನೆಗಳ ಹೆಂಗಸರ ಬಳಿಗೆ ಅದನ್ನು ಒಯ್ದವರು ಮಾರ್ತಾ ವಾನ್ ರೆನ್ಸೆಲೇರ್. ಅದೇ ನ್ಯೂಯಾರ್ಕ್ ಪ್ರಾಂತದ ಗ್ರಾಮೀಣ ಶಾಲೆಗಳ ಮೇಲ್ವಿಚಾರಕಿಯಾಗಿ ಹಳ್ಳಿಹಳ್ಳಿ ಸುತ್ತಿದ ಅನುಭವ ಅವರದು. ಕಾರ್ನೆಲ್ ವಿಶ್ವವಿದ್ಯಾಲಯದ ಲಿಬರ್ಟಿ ಹೈಡ್ ಬೇಯ್ಲಿಯವರು ಆಗ ರೈತರಿಗಾಗಿ ಅಂಚೆಯ ಮೂಲಕ ಪಾಠಗಳನ್ನು ಕಳಿಸುತ್ತಿದ್ದರು. ರೈತರ ಹೆಂಡಂದಿರಿಗೂ ಅಂಥದೇ ಒಂದು ಪಾಠಮಾಲೆ ಬೇಕೆಂದು 1900ರಲ್ಲಿ ಅವರು ಮಾರ್ತಾರನ್ನು ಕರೆಸಿಕೊಂಡರು. ಮಾರ್ತಾರಿಗೆ ಆಗ ವಿಶ್ವವಿದ್ಯಾಲಯದ ಪದವಿಯೂ ಇರಲಿಲ್ಲ. ಅದನ್ನವರು ಕೆಲಸ ಮಾಡುತ್ತಲೇ ಓದಿ 1909ರಲ್ಲಿ ಕಾರ್ನೆಲ್ಲಿನಿಂದಲೇ ಪಡೆದರು.

ಮೊದಲ ಪತ್ರಿಕೆಯ ವಿಷಯ ಯಾವುದಿರಬಹುದು? ಪಾಕವಿಧಾನವಲ್ಲ, ಶಿಶುಪಾಲನೆಯೂ ಅಲ್ಲ. 1901ರಲ್ಲಿ ಹೊರಟ ಆ ಪತ್ರಿಕೆಯ ಹೆಸರೇ ‘ಹೆಜ್ಜೆಗಳ ಉಳಿತಾಯ’ ಎಂಬರ್ಥದ್ದು. ನೀರಿಗೊಂದು ಸಲ, ಸೌದೆಗೊಂದು ಸಲ, ಉಗ್ರಾಣಕ್ಕೊಂದು ಸಲ ಎಂದು ದಿನವಿಡೀ ತಿರುಗುವ ಗೃಹಿಣಿಯ ಕಾಲುಗಳಿಗೆ ಬಿಡುವು ದೊರಕಿಸುವುದು ಹೇಗೆ ಎಂಬುದೇ ಅದರ ವಿಚಾರ. ನನ್ನ ಅಜ್ಜಿಯ ಮನೆಯಲ್ಲಿ ನೀರಿನ ಹರವಿ ಪಡಸಾಲೆಯ ಒಂದು ತುದಿಗೆ, ಒಲೆ ಮತ್ತೊಂದು ತುದಿಗೆ ಇದ್ದವು. ಹಾಗೇಕೆಂದು ಮನೆಯ ಗಂಡಸರು ಯಾರೂ ಒಮ್ಮೆಯೂ ಕೇಳಿದ್ದನ್ನು ನಾನು ಕಾಣೆ. ಮಾರ್ತಾ ಕೇಳಿದರು. ಪತ್ರಿಕೆಯ ಜೊತೆಗೆ ಪ್ರಶ್ನೆಗಳನ್ನೂ ಕಳಿಸಿ ಉತ್ತರಗಳನ್ನು ಬೇಡಿದರು. ಪತ್ರಗಳು ರಾಶಿರಾಶಿಯಾಗಿ ಬಂದವು. ಕೆಲವೇ ವರ್ಷಗಳಲ್ಲಿ ಸಾವಿರಾರು ರೈತಗೃಹಿಣಿಯರು ಈ ಪಾಠಮಾಲೆಗೆ ಸೇರಿದರು.

ಅವರ ಇನ್ನೊಂದು ಪ್ರಸಂಗ ನನಗೆ ಬಲು ಪ್ರಿಯವಾದುದು. ಪಾತ್ರೆ ಒರೆಸುವ ಬಟ್ಟೆಯಲ್ಲಿ ರೋಗಾಣುಗಳು ಬೆಳೆಯುವ ಬಗೆಯನ್ನು ಗೃಹಿಣಿಯರಿಗೆ ತಿಳಿಸಬೇಕೆಂದು ಮಾರ್ತಾ ವಿಶ್ವವಿದ್ಯಾಲಯದ ಸೂಕ್ಷ್ಮಾಣು ವಿಜ್ಞಾನಿಯೊಬ್ಬರನ್ನು ಕಂಡರು. ಹೆಂಗಸರಿಗೆ ಅದೆಲ್ಲ ತಿಳಿಯಬೇಕಾಗಿಲ್ಲ, ಬಟ್ಟೆ ಶುಚಿಯಾಗಿದ್ದರೆ ಚೆನ್ನಾಗಿರುತ್ತದೆಂದು ಹೇಳಿದರೆ ಸಾಕು ಎಂಬರ್ಥದ ಉತ್ತರ ಬಂದಿತು. ಆದರೆ ಮಾರ್ತಾರಿಗೆ ಬೇಕಾಗಿದ್ದುದು ಆ ಕಾರಣವೇ. ಮಡಿಯ ಬಟ್ಟೆ ಮಡಿಯೆಂದು ಹೇಳಿಸಿಕೊಂಡು ಬೆಳೆದ ನಮ್ಮ ಸೊಸೆಯಂದಿರು ‘ಏಕೆ?’ ಎಂದು ಕೇಳಿದಾಗ ದೊರೆಯುವ ಉತ್ತರವೂ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ.

1907ರಲ್ಲಿ ಫ್ಲೋರಾ ರೋಸ್ ಬಂದು ಸೇರಿಕೊಂಡ ಮೇಲೆ ಇಬ್ಬರೂ ಕೂಡಿ ವಿಭಾಗವನ್ನು ಬೆಳೆಸಿದರು. 1911ರಲ್ಲಿ ಇವರಿಬ್ಬರನ್ನೂ ಪ್ರಾಧ್ಯಾಪಕಿಯರನ್ನಾಗಿ ಮಾಡುವ ಪ್ರಶ್ನೆ ಕಾರ್ನೆಲ್ಲಿನ ಅಧ್ಯಾಪಕರ ಸಭೆಯ ಮುಂದೆ ಬಂದಿತು. ಸ್ತ್ರೀಯರನ್ನು ಪ್ರಾಧ್ಯಾಪಕರನ್ನಾಗಿ ನೇಮಿಸುವುದು ಸಾಮಾನ್ಯವಾಗಿ ತಮಗೆ ಸಮ್ಮತವಲ್ಲ, ಗೃಹವಿಜ್ಞಾನ ವಿಭಾಗದ ಮಟ್ಟಿಗೆ ಆಕ್ಷೇಪವಿಲ್ಲ ಎಂದು ಸಭೆಯು ನಿರ್ಣಯಿಸಿತು. ಬಾಗಿಲು ತೆರೆಯಿತು, ಜೊತೆಗೆ ಬೇಲಿಯನ್ನೂ ಹಾಕಿದಂತಾಯಿತು! ವಿಜ್ಞಾನ ಕಲಿತ ಎಷ್ಟೋ ಹೆಣ್ಣುಮಕ್ಕಳಿಗೆ ಮುಂದಿನ ಹಲವು ದಶಕಗಳ ಕಾಲ ಈ ಒಂದು ವಿಭಾಗವೇ ಆಶ್ರಯವಾಯಿತು. ಸರಕಾರದ ಹಣವೂ ಒದಗಿತು. 1914ರ ಕಾಯಿದೆಯಿಂದ ಹಳ್ಳಿಗಳಿಗೆ ಹೋಗಿ ಕಲಿಸುವ ಕಾರ್ಯಕರ್ತೆಯರಿಗೂ, 1917ರ ಕಾಯಿದೆಯಿಂದ ಶಾಲೆಗಳ ಬೋಧನೆಗೂ ನೆರವು ಸಿಕ್ಕಿತು.

ವಿಜ್ಞಾನದ ಉತ್ಸಾಹವು ಮಿತಿಮೀರಿದ ಪ್ರಸಂಗವೂ ಇದೇ ಕಾರ್ನೆಲ್ಲಿನಲ್ಲಿ ನಡೆಯಿತು. ವಿದ್ಯಾರ್ಥಿನಿಯರು ಕೆಲವು ವಾರಗಳ ಕಾಲ ಒಂದು ಮನೆಯಲ್ಲಿ ಕೂಡಿ ವಾಸಿಸಿ ಸಂಸಾರ ನಡೆಸುವುದನ್ನು ಅಭ್ಯಾಸ ಮಾಡುತ್ತಿದ್ದರು. 1919ರ ಸುಮಾರಿಗೆ ಆ ಮನೆಗೆ ಅನಾಥಾಲಯದಿಂದ ಒಂದು ಕೂಸನ್ನೂ ತಂದರು. ಸರದಿಯ ಪ್ರಕಾರ ಒಬ್ಬೊಬ್ಬ ವಿದ್ಯಾರ್ಥಿನಿ ಅದಕ್ಕೆ ತಾಯಿಯಾಗಬೇಕು! ಹಾಲಿನ ಅಳತೆ, ನಿದ್ರೆಯ ವೇಳೆ, ತೂಕ ಎಲ್ಲವನ್ನೂ ಬರೆದಿಡುತ್ತಿದ್ದರು. ಕೂಸುಗಳು ಪುಷ್ಟಿಯಾಗಿ ಬೆಳೆದವು, ಅವುಗಳನ್ನು ದತ್ತು ಪಡೆಯಲು ದಂಪತಿಗಳು ಮುಂದೆ ಬರುತ್ತಿದ್ದರು ಎಂಬುದು ನಿಜ. ಆದರೆ ವಾರಕ್ಕೊಮ್ಮೆ ಬದಲಾಗುವ ಮಡಿಲು ಮಗುವಿನ ಮನಸ್ಸಿಗೆ ಏನು ಮಾಡೀತು ಎಂಬ ಸಂದೇಹ ಪಂಡಿತರಿಗೆ ಹುಟ್ಟಲು ಬಹಳ ಕಾಲ ಹಿಡಿಯಿತು. ಕೊನೆಗೆ ಆ ಪದ್ಧತಿಯನ್ನು ಅಲ್ಲಿ ನಿಲ್ಲಿಸಿದರು. ನಮ್ಮ ಯಾವ ಅಜ್ಜಿಯನ್ನು ಕೇಳಿದ್ದರೂ ಮೊದಲ ದಿನವೇ ಬೇಡವೆನ್ನುತ್ತಿದ್ದಳು.

ನಮ್ಮ ದೇಶಕ್ಕೆ ಈ ವಿದ್ಯೆ ಬಂದ ದಾರಿಯಲ್ಲಿ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳ ಹೆಜ್ಜೆಯೂ ಇದೆ. ಸ್ತ್ರೀಶಿಕ್ಷಣದ ಸುಧಾರಣೆಗಾಗಿ 1927ರಲ್ಲಿ ಪುಣೆಯಲ್ಲಿ ಮೊದಲ ಬಾರಿಗೆ ಸೇರಿದ ಅಖಿಲ ಭಾರತ ಮಹಿಳಾ ಪರಿಷತ್ತಿನ ಆರಂಭದ ದಿನಗಳಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಕಾರ್ಯದರ್ಶಿಯಾಗಿ ದುಡಿದರು. ಆ ಪರಿಷತ್ತಿನ ಪ್ರಯತ್ನದಿಂದಲೇ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ತೆರೆಯಿತು.

ಧಾರವಾಡದ ಕೃಷಿ ವಿದ್ಯಾಲಯದ ಆವರಣದಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯವು 1974ರಲ್ಲಿ ಆರಂಭವಾಯಿತು. ಇಂದು ಅದನ್ನು ಸಮುದಾಯ ವಿಜ್ಞಾನ ಮಹಾವಿದ್ಯಾಲಯವೆಂದು ಕರೆಯುತ್ತಾರೆ. ಕೃಷಿಕ ಮಹಿಳೆಯರ ಶ್ರಮವನ್ನು ಕುರಿತ ಅಧ್ಯಯನಗಳು ಅಲ್ಲಿ ನಡೆದಿವೆ. ಬಾಗಿ ಕಳೆ ತೆಗೆಯುವಾಗ, ಬುಟ್ಟಿ ಹೊರುವಾಗ ಹೆಣ್ಣಿನ ಬೆನ್ನಿಗೂ ಎದೆಬಡಿತಕ್ಕೂ ಎಷ್ಟು ಭಾರ ಬೀಳುತ್ತದೆಯೆಂಬುದನ್ನು ಅಳೆದು, ಅದನ್ನು ತಗ್ಗಿಸುವ ಸಾಧನಗಳನ್ನು ಹುಡುಕುವುದು ಈ ಬಗೆಯ ಅಧ್ಯಯನಗಳ ಉದ್ದೇಶ. ಮಾರ್ತಾರ ಪ್ರಶ್ನೆಪತ್ರಿಕೆ ಅಂಚೆಯಲ್ಲಿ ಹೋಗುತ್ತಿತ್ತು. ಇಲ್ಲಿ ಕೇಳುವವರು ಹೊಲದ ಬದುವಿಗೇ ಹೋಗುತ್ತಾರೆ.