ಚಿಂದಿ ಆಯುವವರ ಅರ್ಥಶಾಸ್ತ್ರ

ಬಳಸಿದ ವಸ್ತು ಮರಳಿ ಬಳಕೆಗೆ ಬರುವ ಏರ್ಪಾಡಿಗೆ ಪಂಡಿತರು ‘ವರ್ತುಲ ಆರ್ಥಿಕತೆ’ಯೆಂದು ಹೆಸರಿಟ್ಟಿದ್ದಾರೆ. ಬೆಂಗಳೂರಿನ ಚಿಂದಿ ಆಯುವವರಲ್ಲಿ ಹಲವರು ಈ ಹೆಸರನ್ನು ಕೇಳಿರಲಾರರು. ತತ್ತ್ವವನ್ನಾದರೋ ಅವರ ಬೆರಳುಗಳೇ ಬಲ್ಲವು. ಹಾಲಿನ ಕವರು, ನೀರಿನ ಬಾಟಲಿ, ರಟ್ಟು, ತಗಡು—ಒಂದೊಂದಕ್ಕೂ ಗುಜರಿಯಲ್ಲಿ ಬೇರೆ ಬೆಲೆಯುಂಟೆಂಬುದನ್ನು ಹೊಟ್ಟೆಪಾಡೇ ಅವರಿಗೆ ಕಲಿಸಿದೆ.

ಅರಿವಿನ ಕೊರತೆಯಿರುವುದು ನಮ್ಮ ಅಡುಗೆಮನೆಗಳಲ್ಲಿ. ಸಾರು ಚೆಲ್ಲಿದ ಕಾಗದವನ್ನು ಗುಜರಿಯವನು ಕೊಳ್ಳನು. ಆಯುವವನ ಕೂಲಿಯೂ ಹೋಯಿತು, ಕಾಗದವೂ ಊರಾಚೆಯ ತಿಪ್ಪೆ ಸೇರಿತು. ಅಂಥ ತಿಪ್ಪೆಯ ನಾತವನ್ನು ಮಾವಳ್ಳಿಪುರದವರು 2012ರವರೆಗೆ, ಮಂಡೂರಿನವರು 2014ರವರೆಗೆ ಸಹಿಸಿದರು.

2016ರಲ್ಲಿ ಕೇಂದ್ರ ಸರಕಾರದ ಘನತ್ಯಾಜ್ಯ ನಿಯಮಗಳು ಈ ದುಡಿಮೆಗಾರರನ್ನು ಹೆಸರಿಸಿ ಮನ್ನಿಸಿದವು. ಹಸಿಕಸವನ್ನೂ ಒಣಕಸವನ್ನೂ ಮನೆಯಲ್ಲಿಯೇ ಬೇರ್ಪಡಿಸಿ ಕೊಡುವುದು ಆ ಮನ್ನಣೆಯಲ್ಲಿ ನಮ್ಮ ಪಾಲು.