ಚಾವಣಿಯ ಮೇಲಿನ ಹವಾನಿಯಂತ್ರಕ ತಿರುಗದೆ ಗುಂಯ್‌ಗುಟ್ಟುವುದೇಕೆ?

ಅಮೆರಿಕ ಸಂಯುಕ್ತ ಸಂಸ್ಥಾನದ ಹೆದ್ದಾರಿಗಳಲ್ಲಿ, ಮನೆಯನ್ನೇ ಚಕ್ರಗಳ ಮೇಲೆ ಕೂರಿಸಿದಂತೆ ತೋರುವ ವಾಹನಗಳು ಹೇರಳವಾಗಿ ಕಾಣಸಿಗುತ್ತವೆ. ಒಲೆ, ಮಂಚ, ಸ್ನಾನದ ಕೋಣೆ ಎಲ್ಲವೂ ಒಳಗೇ ಉಂಟು. ಅಲ್ಲಿನ ಜನ ಇವನ್ನು ಆರ್.ವಿ. ಎನ್ನುವರು. ಗೋಡೆಗಳು ತೆಳುವಾದುದರಿಂದ ಬಿಸಿಲಿಗೆ ಬಲುಬೇಗ ಕಾಯುತ್ತವೆ. ಅರಿಜೋನಾ ಪ್ರಾಂತದ ಫೀನಿಕ್ಸ್ ನಗರದಲ್ಲಿ 2023ರ ಜೂನ್ 30ರಿಂದ ಜುಲೈ 30ರ ವರೆಗೆ, ಸತತವಾಗಿ 31 ದಿನ, ಹಗಲಿನ ಗರಿಷ್ಠ ಉಷ್ಣತೆ 43 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯಲಿಲ್ಲ. ಅಂಥ ದಿನ ವಾಹನದ ಚಾವಣಿಯ ಮೇಲಿರುವ ಹವಾನಿಯಂತ್ರಕ ನಿಂತುಹೋದರೆ ಒಳಗಿರುವ ಶಿಶುಗಳಿಗೂ ವೃದ್ಧರಿಗೂ ಅದು ಪ್ರಾಣಾಪಾಯವೇ ಸರಿ. ಗಾಬರಿಗೊಂಡ ಯಜಮಾನ, ಕಂಪ್ರೆಸರ್ ಸುಟ್ಟುಹೋಯಿತೆಂದು ಬಗೆದು ಯಂತ್ರವನ್ನೇ ಬದಲಿಸಲು ಹೊರಡುವುದುಂಟು. ಕೆಟ್ಟಿರುವುದು ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ ಮಾತ್ರವೆಂಬುದು ಆಮೇಲೆ ತಿಳಿಯುವುದೂ ಉಂಟು.

ದೋಷವನ್ನು ಹುಡುಕಬೇಕಾದರೆ ಮೊದಲು ಯಂತ್ರದ ವ್ಯವಸ್ಥೆಯನ್ನು ಅರಿಯಬೇಕು. ಇದರಲ್ಲಿ ಎರಡು ವಿದ್ಯುನ್ಮಂಡಲಗಳಿವೆ. ಒಂದು 120 ವೋಲ್ಟಿನ ಪರ್ಯಾಯ ಪ್ರವಾಹದ್ದು. ಫ್ಯಾನನ್ನೂ ಕಂಪ್ರೆಸರನ್ನೂ ತಿರುಗಿಸುವುದು ಇದೇ. ಇನ್ನೊಂದು ಬ್ಯಾಟರಿಯಿಂದ ಬರುವ 12 ವೋಲ್ಟಿನ ನೇರ ಪ್ರವಾಹದ್ದು. ಇದರ ಕೆಲಸ ಅಪ್ಪಣೆ ಮಾಡುವುದು ಮಾತ್ರ. ಗೋಡೆಯ ಮೇಲಿನ ಥರ್ಮೋಸ್ಟಾಟ್ ಸೆಕೆಯನ್ನು ಗುರುತಿಸಿದೊಡನೆ ಸಣ್ಣ ಪ್ರವಾಹವೊಂದು ರಿಲೆಯ ಸುರುಳಿಯಲ್ಲಿ ಹರಿದು ಅದನ್ನು ಕಾಂತವಾಗಿಸುವುದು. ಕಾಂತವು ಲೋಹದ ನಾಲಗೆಯೊಂದನ್ನು ಸೆಳೆದು ದೊಡ್ಡ ಪ್ರವಾಹದ ದಾರಿಯನ್ನು ಕೂಡಿಸುವುದು. ಹಳೆಯ ಮಾದರಿಗಳಲ್ಲಿ ಈ ದೂತನಿಲ್ಲ. ಚಾವಣಿಯ ಗುಬುಟನ್ನು ತಿರುಗಿಸಿದರೆ 120 ವೋಲ್ಟೇ ನೇರವಾಗಿ ಕೂಡಿಕೊಳ್ಳುವುದು.

ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಮಂಡಲ ಕೆಟ್ಟಿದೆ ಎಂಬುದು. ಥರ್ಮೋಸ್ಟಾಟಿನ ಮುಖದಲ್ಲಿ ಅಂಕಿಯೇ ಮೂಡದಿದ್ದರೆ 12 ವೋಲ್ಟಿನ ಕಡೆಯ ಫ್ಯೂಸನ್ನೂ ಬ್ಯಾಟರಿಯನ್ನೂ ನೋಡಬೇಕು. ಫ್ಯಾನ್ ತಿರುಗಿ ಕಂಪ್ರೆಸರ್ ಮೌನವಾಗಿದ್ದರೆ ಅವಸರಪಡಬಾರದು. ತಂಪುಗೊಳಿಸುವ ಅನಿಲದ ಒತ್ತಡ ಎರಡು ಕಡೆಯೂ ಸಮನಾಗಲೆಂದು ಹಲವು ಯಂತ್ರಗಳು ಎರಡು ಮೂರು ನಿಮಿಷ ಬೇಕೆಂದೇ ಕಾಯುತ್ತವೆ. ತಣ್ಣನೆಯ ಕೊಳವೆಗಳ ಮೇಲೆ ಮಂಜುಗಟ್ಟದಂತೆ ಕಾಯುವ ಥರ್ಮಿಸ್ಟರ್ ಎಂಬ ಕಾವಲುಗಾರನೂ ಒಬ್ಬನಿದ್ದಾನೆ. ತಂಪು ಹೆಚ್ಚಿದಂತೆ ಇವನ ರೋಧ ಏರುವುದು. ಇವನ ತಂತಿ ತುಂಡಾದರೆ ರೋಧ ಅನಂತ! ಆಗ ಯಂತ್ರವು, ಹೊರಗೆ ಬೆಂಕಿಯಂಥ ಬಿಸಿಲಿದ್ದರೂ, ಮಂಜುಗಟ್ಟಿದೆಯೆಂದು ಭ್ರಮಿಸಿ ಸುಮ್ಮನಿರುವುದುಂಟು.

ಇನ್ನು ಕಂಪ್ರೆಸರ್ ಕೆಲವು ಸೆಕೆಂಡು ಗುಂಯ್‌ಗುಟ್ಟಿ, ಟಿಕ್ಕೆಂದು ನಿಂತು, ಕೆಲವು ನಿಮಿಷಗಳ ಮೇಲೆ ಮತ್ತೆ ಗುಂಯ್‌ಗುಟ್ಟುವ ಪ್ರಸಂಗ. ಅಪ್ಪಣೆ ತಲಪಿದೆ, ವಿದ್ಯುತ್ತೂ ತಲಪಿದೆ, ತಿರುಗುವುದಷ್ಟೇ ಬಾಕಿ. ನಮ್ಮ ಮನೆಗಳ ಚಾವಣಿಯ ಫ್ಯಾನಿನಲ್ಲೂ ಇದನ್ನು ನೋಡಿರುತ್ತೇವೆ. ಸ್ವಿಚ್ಚು ಹಾಕಿದರೆ ಗುಂಯ್ ಎನ್ನುವುದು, ತಿರುಗದು. ಕೋಲಿನಿಂದ ತಳ್ಳಿದರೆ ತಳ್ಳಿದ ದಿಕ್ಕಿಗೆ ಮೆಲ್ಲನೆ ಹೊರಡುವುದು. ಕಾರಣವಿಷ್ಟೆ: ಒಂಟಿ ಸುರುಳಿಯಲ್ಲಿ ಹರಿಯುವ ಪರ್ಯಾಯ ಪ್ರವಾಹದಿಂದ ಹುಟ್ಟುವ ಕಾಂತಕ್ಷೇತ್ರ ತಿರುಗುವುದಿಲ್ಲ, ಒಂದೇ ಗೆರೆಯ ಮೇಲೆ ಹಿಗ್ಗಿ ಕುಗ್ಗುವುದು. ಅದನ್ನು ಎದುರುಬದರಾಗಿ ತಿರುಗುವ ಎರಡು ಸಮಕ್ಷೇತ್ರಗಳ ಮೊತ್ತವೆಂದು ಭಾವಿಸಬಹುದು. ನಿಂತಿರುವ ಚಕ್ರವನ್ನು ಇಬ್ಬರೂ ಸಮನಾಗಿ ಎಳೆದರೆ ಅದು ಎತ್ತ ಹೋದೀತು?

ಎರಡನೆಯ ಸುರುಳಿಯೊಂದನ್ನು ಇಟ್ಟು, ಅದರ ಪ್ರವಾಹವು ಮೊದಲನೆಯದಕ್ಕಿಂತ ಸುಮಾರು ಕಾಲು ಆವರ್ತ ಮುಂದಿರುವಂತೆ ಮಾಡಿದರೆ ಕ್ಷೇತ್ರವು ನಿಜವಾಗಿ ತಿರುಗುವುದು. ತಿರುಗುವ ಕ್ಷೇತ್ರವನ್ನು ಇಟಲಿಯ ಗೆಲಿಲಿಯೊ ಫೆರಾರಿಸ್ 1885ರಲ್ಲಿ ಪ್ರಯೋಗದಿಂದ ತೋರಿಸಿದ; ಟೆಸ್ಲಾನಿಗೆ ಪೇಟೆಂಟುಗಳು ದೊರೆತದ್ದು 1888ರಲ್ಲಿ. ಒಂಟಿ ಸರಬರಾಜಿನಿಂದಲೇ ಈ ಮುನ್ನಡೆಯನ್ನು ಒದಗಿಸುವುದು ಧಾರಕ, ಅಂದರೆ ಕೆಪಾಸಿಟರ್. (ನಮ್ಮ ಫ್ಯಾನು ರಿಪೇರಿಯವರು ಇದನ್ನು ಕಂಡೆನ್ಸರ್ ಎನ್ನುತ್ತಾರೆ. ಹವಾನಿಯಂತ್ರಕದಲ್ಲಿ ಕಂಡೆನ್ಸರ್ ಎಂದರೆ ಶಾಖವನ್ನು ಹೊರಹಾಕುವ ಕೊಳವೆಗಳ ಸುತ್ತು, ಗೊಂದಲ ಬೇಡ.) ಧಾರಕ ಸೊರಗಿತೆಂದರೆ ತಿರುಗುಬಲವೂ ಸೊರಗುವುದು. ನಿಂತ ಮೋಟಾರು ಸುಮಾರು 14 ಆಂಪಿಯರಿನ ಬದಲು 50 ಆಂಪಿಯರಿನಷ್ಟು ಹೀರಿ ಕಾಯುವುದು. ರಕ್ಷಕ ಸ್ವಿಚ್ಚು ಕಾದು ಟಿಕ್ಕೆಂದು ದಾರಿಯನ್ನು ಕಡಿಯುವುದು. ತಣಿದ ಮೇಲೆ ಮತ್ತೆ ಕೂಡಿಸುವುದು.

ಧಾರಕವನ್ನು ಮುಟ್ಟುವ ಮುನ್ನ ವಾಹನದ ತಂತಿಯನ್ನು ಸರಬರಾಜಿನ ಕಂಬದಿಂದ ಕಿತ್ತಿರಬೇಕು, ಜನರೇಟರೂ ನಿಂತಿರಬೇಕು. ಅಷ್ಟಾದರೂ ಧಾರಕದೊಳಗೆ ಆವೇಶ ಉಳಿದಿರಬಹುದು. ಕೈಗೆ ಬಲವಾದ ಹೊಡೆತ ಕೊಟ್ಟೀತು. 40 ಮೈಕ್ರೊಫ್ಯಾರಡಿನ ಧಾರಕವನ್ನು 20,000 ಓಮಿನ ರೋಧಕದ ಮೂಲಕ ಬರಿದುಮಾಡಿದರೆ ಕಾಲಾಂಕ 0.8 ಸೆಕೆಂಡು; ಐದು ಸೆಕೆಂಡಿನಲ್ಲಿ ಆವೇಶ ನೂರರಲ್ಲೊಂದು ಪಾಲಿಗೂ ಇಳಿದಿರುವುದು. ಆಮೇಲೂ ಮೀಟರಿನಲ್ಲಿ ನೋಡಿಯೇ ಕೈಯಿಡುವುದು ಲೇಸು. ಅಳೆದ ಧಾರಕತೆಯು ಮೇಲೆ ಬರೆದದ್ದಕ್ಕಿಂತ ಹತ್ತನೆಯ ಒಂದು ಪಾಲಿಗೂ ಮೀರಿ ಕುಗ್ಗಿದ್ದರೆ ಅದನ್ನು ಬದಲಿಸುವುದು ವಾಡಿಕೆ. ಡಬ್ಬಿ ಉಬ್ಬಿದ್ದರಂತೂ ಅಳೆಯುವ ಅಗತ್ಯವೇ ಇಲ್ಲ.

ಆದರೆ ಧಾರಕ ನೆಟ್ಟಗಿದ್ದೂ ಗುಂಯ್‌ಗುಟ್ಟಬಹುದು. ಬಿಡಾರ ಹೂಡುವ ತಾಣಗಳಲ್ಲಿ ಕಂಬ ದೂರವಿದ್ದರೆ ಜನ ತೆಳ್ಳನೆಯ ತಂತಿಯನ್ನು ಉದ್ದಕ್ಕೆ ಎಳೆಯುವರು. 14ನೆಯ ಗೇಜಿನ ತಾಮ್ರದ ತಂತಿ 100 ಅಡಿ ಹೋಗಿ 100 ಅಡಿ ಮರಳಿದರೆ ಅದರ ರೋಧ ಸುಮಾರು ಅರ್ಧ ಓಮ್. ಮೋಟಾರು ಹೊರಡುವಾಗಿನ 50 ಆಂಪಿಯರಿಗೆ 25 ವೋಲ್ಟು ದಾರಿಯಲ್ಲೇ ಕರಗಿ ಮೋಟಾರಿಗೆ ಉಳಿಯುವುದು ಸುಮಾರು 95. ತಿರುಗುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವುದರಿಂದ ಅದು ಮೂರರಲ್ಲಿ ಎರಡು ಪಾಲಿಗಿಂತಲೂ ಕಡಮೆಯಾಗುವುದು.

ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಮೋಟಾರು ನಿಂತಿರುವಾಗ ಮೀಟರ್ ಹಿಡಿದರೆ 120 ವೋಲ್ಟೇ ತೋರುವುದು. ಪ್ರವಾಹ ಶೂನ್ಯವಾದಾಗ ಎಂಥ ಕೆಟ್ಟ ತಂತಿಯಲ್ಲೂ ಇಳಿತ ಶೂನ್ಯ! ರಿಲೆಯ ಸುಟ್ಟ ನಾಲಗೆಯೂ ಇದೇ ಮೋಸ ಮಾಡುವುದು. ಕಂಪ್ರೆಸರ್ ನಡೆಯುತ್ತಿರುವಾಗ ನಾಲಗೆಯ ಎರಡು ಬದಿಗಳ ನಡುವೆ ಅಳೆದರೆ ವೋಲ್ಟೇಜು ಹೆಚ್ಚುಕಡಮೆ ಸೊನ್ನೆಯಿರಬೇಕು. 3 ವೋಲ್ಟು ಕಂಡರೆ, 14 ಆಂಪಿಯರಿಗೆ 42 ವಾಟ್ ಶಾಖ ಆ ಚುಕ್ಕೆಯಷ್ಟು ಜಾಗದಲ್ಲಿ ಹುಟ್ಟುತ್ತಿದೆಯೆಂದು ಅರ್ಥ. ಪ್ರವಾಹವಿರುವಾಗಿನ ಈ ಅಳತೆಯನ್ನು ಪಳಗಿದ ಕೈಯೇ ಮಾಡಬೇಕು.

ಧಾರಕ, ತಂತಿ, ರಿಲೆ ಮೂರೂ ಸರಿಯಿದ್ದು, ಅನಿಲದ ಒತ್ತಡ ಸಮನಾಗುವಷ್ಟು ಕಾದ ಮೇಲೂ ಕಂಪ್ರೆಸರ್ ಗುಂಯ್‌ಗುಟ್ಟಿ ನಿಲ್ಲುವುದಾದರೆ, ಅದರ ಒಳಭಾಗವೇ ಬಿಗಿದುಕೊಂಡಿದೆಯೆಂದು ಆಗ ಹೇಳಬಹುದು.