ಕೇಳುವ ಬೆಲೆ ಬೇರೆ, ಬಾಳುವ ಬೆಲೆ ಬೇರೆ

ಅಮೆರಿಕದ ನಗರಗಳಲ್ಲಿ ಹಲವು ವರ್ಷ ದುಡಿದ ಕನ್ನಡಿಗರಲ್ಲಿ ಕೆಲವರು ಊರಾಚೆ ಐದು-ಹತ್ತು ಎಕರೆ ಜಮೀನು ಕೊಳ್ಳುವುದುಂಟು. ಅದರ ಬೆನ್ನಲ್ಲೇ ಟ್ರ್ಯಾಕ್ಟರಿನ ಪ್ರಶ್ನೆ ಏಳುತ್ತದೆ. ಹೊಸದು ದುಬಾರಿ. ಹಳೆಯದಕ್ಕೆ ಎಷ್ಟು ಕೊಟ್ಟರೆ ನ್ಯಾಯ?

ಜಾಹೀರಾತಿನಲ್ಲಿ ಕಾಣುವ ಅಂಕಿ ಮಾರುವವನ ಆಸೆಯೇ ಹೊರತು ಮಾರುಕಟ್ಟೆಯ ತೀರ್ಮಾನವಲ್ಲ. ಹರಾಜಿನಲ್ಲಿ ಯಂತ್ರಗಳು ನಿಜಕ್ಕೂ ಮಾರಾಟವಾದ ಬೆಲೆಗಳನ್ನು ನೋಡಬೇಕು. ಅದೇ ಮಾದರಿಯ, ಹೆಚ್ಚುಕಡಿಮೆ ಅಷ್ಟೇ ಗಂಟೆ ದುಡಿದ ನಾಲ್ಕೈದು ಟ್ರ್ಯಾಕ್ಟರುಗಳು ಎಷ್ಟಕ್ಕೆ ಹೋದವೆಂದು ಬರೆದಿಟ್ಟುಕೊಂಡರೆ ಲೆಕ್ಕಕ್ಕೊಂದು ನೆಲೆ ಸಿಗುತ್ತದೆ. ಮುಂಭಾಗದಲ್ಲಿ ಲೋಡರ್ ಇದ್ದರೆ ಬೆಲೆ ಏರುತ್ತದೆ. ಹೋಲಿಸುವಾಗ ಅದನ್ನು ಮರೆಯಬಾರದು. ಹರಾಜಿನಲ್ಲಿ ಕೂಗಿದ ಮೊತ್ತದ ಮೇಲೆ ಖರೀದಿದಾರನ ಶುಲ್ಕವೂ ಸೇರಬಹುದು.

ಕಾರಿಗೆ ಮೈಲಿಯಿದ್ದಂತೆ ಟ್ರ್ಯಾಕ್ಟರಿಗೆ ಗಂಟೆ. ಆದರೆ ಹಳೆಯ ಯಾಂತ್ರಿಕ ಮೀಟರುಗಳು ಗಡಿಯಾರದಂತೆ ನಡೆಯುವುದಿಲ್ಲ. ಎಂಜಿನ್ನಿನ ಸುತ್ತುಗಳಿಗೆ ತಕ್ಕಂತೆ ಎಣಿಸುತ್ತವೆ. ನಿಧಾನವಾಗಿ ಓಡಿದ ಒಂದು ಗಂಟೆ ಅಲ್ಲಿ ಪೂರ್ತಿ ಗಂಟೆಯಾಗಿ ದಾಖಲಾಗುವುದಿಲ್ಲ. ಮೀಟರನ್ನೇ ಬದಲಿಸಿರಲೂಬಹುದು. ಆದ್ದರಿಂದ ಪೆಡಲಿನ ರಬ್ಬರು, ಆಸನ, ಹಿಂಬದಿಯ ಕೊಂಡಿಯ ತೂತು ಎಷ್ಟು ಸವೆದಿವೆಯೆಂದು ನೋಡಿ, ಅವು ಮೀಟರಿನ ಮಾತಿಗೆ ಹೊಂದುತ್ತವೆಯೇ ಎಂದು ಪರೀಕ್ಷಿಸಬೇಕು. ತಾವು ಬರುವ ಮುನ್ನ ಎಂಜಿನ್ ಚಾಲೂ ಮಾಡಬೇಡಿರೆಂದು ಮಾರುವವನಿಗೆ ಮೊದಲೇ ತಿಳಿಸುವುದು ಲೇಸು. ತಣ್ಣನೆಯ ಎಂಜಿನ್ ತನ್ನ ದೋಷವನ್ನು ಮುಚ್ಚಿಡಲಾರದು. ನೀಲಿ ಹೊಗೆ ಬಿಡದೆ ಬರುತ್ತಿದ್ದರೆ ಆಯಿಲ್ ಉರಿಯುತ್ತಿದೆಯೆಂದೂ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೂ ತಿಳಿಯಬೇಕು.

ಕಂಡ ದೋಷಗಳಿಗೆಲ್ಲ ರಿಪೇರಿ ಖರ್ಚನ್ನು ವಿಚಾರಿಸಿ ಕಳೆಯುವುದು ಮುಂದಿನ ಹೆಜ್ಜೆ. ಉದಾಹರಣೆಗೆ, ಸುಸ್ಥಿತಿಯ ಯಂತ್ರಗಳು 12,000 ಡಾಲರಿಗೆ ಮಾರಾಟವಾಗಿದ್ದು, ನಿಮ್ಮೆದುರಿನದಕ್ಕೆ ಹಿಂದಿನ ಟೈರು ಮತ್ತು ಕ್ಲಚ್ಚಿಗೆ 3,000 ಡಾಲರ್ ಬೇಕಿದ್ದರೆ, 9,000 ಡಾಲರೇ ನಿಮ್ಮ ಮಿತಿ. ಮನೆಗೆ ಸಾಗಿಸುವ ವೆಚ್ಚವನ್ನೂ ಅದರೊಳಗೇ ಹಿಡಿಯಬೇಕು. ಜಪಾನಿನ ಒಳಮಾರುಕಟ್ಟೆಗೆಂದು ತಯಾರಾಗಿ, ಹಳೆಯದಾದ ಮೇಲೆ ಅಮೆರಿಕಕ್ಕೆ ಬಂದ ಕೆಲವು ಟ್ರ್ಯಾಕ್ಟರುಗಳು ಅಗ್ಗವಾಗಿ ಸಿಗುತ್ತವೆ. ಬಿಡಿಭಾಗ ಸಿಗುವುದು ಕಷ್ಟವಾದರೆ ಆ ಅಗ್ಗ ಬಹುಕಾಲ ಉಳಿಯದು. ನಮ್ಮವರಿಗೆ ಪರಿಚಿತವಾದ ಮಹೀಂದ್ರಾ 1994ರಿಂದ ಅಮೆರಿಕದಲ್ಲಿದೆ. ಆದರೂ ಪರಿಚಿತ ಹೆಸರಿಗಿಂತ ಹತ್ತಿರದ ಡೀಲರ್ ಮುಖ್ಯ.

ಇನ್ನು ಸಾಲದ ಮಾತು. ಕರ್ನಾಟಕದಲ್ಲಿ ಟ್ರ್ಯಾಕ್ಟರಿನ ಮೇಲೆ ಬ್ಯಾಂಕಿನ ಸಾಲವಿದ್ದರೆ ಆರ್.ಸಿ. ಪುಸ್ತಕವೇ ಹೇಳುತ್ತದೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಕೃಷಿ ಟ್ರ್ಯಾಕ್ಟರಿಗೆ ಅಂಥ ಮಾಲೀಕತ್ವದ ಪತ್ರವಿಲ್ಲ. ಮಾರುವವನ ಸಾಲ ತೀರದಿದ್ದರೆ ಸಾಲ ಕೊಟ್ಟವರು ನಿಮ್ಮ ಹೊಲಕ್ಕೇ ಬಂದು ಯಂತ್ರ ಒಯ್ಯಬಹುದು. ಆದ್ದರಿಂದ ಖಾಸಗಿ ವ್ಯಕ್ತಿಯಿಂದ ಕೊಳ್ಳುವ ಮುನ್ನ, ಸಾಮಾನ್ಯವಾಗಿ ರಾಜ್ಯ ಕಾರ್ಯದರ್ಶಿಯ ಕಚೇರಿಯಲ್ಲಿರುವ ಯುಸಿಸಿ ದಾಖಲೆಗಳಲ್ಲಿ ಅವನ ಹೆಸರನ್ನು ಹುಡುಕಿಸಬೇಕು. ಕ್ರಮಸಂಖ್ಯೆ ನಮೂದಿಸಿದ ಮಾರಾಟಪತ್ರಕ್ಕೆ ಸಹಿ ಪಡೆಯಬೇಕು.

ಹೊರಡುವ ಮುನ್ನ ಮಿತಿಯ ಅಂಕಿಯನ್ನು ಚೀಟಿಯಲ್ಲಿ ಬರೆದು ಕಿಸೆಯಲ್ಲಿಟ್ಟುಕೊಳ್ಳಿ. ಅಲ್ಲಿ ಕಂಡ ದೋಷಕ್ಕೆ ಅದು ಇಳಿಯಬಹುದು. ಹೊಳೆಯುವ ಹೊಸ ಬಣ್ಣಕ್ಕೆ ಮಾತ್ರ ಏರಬಾರದು.